ಕುಡಿತದ ಮರುದಿನ: ದೇಹದ ಪಾಲೆಷ್ಟು, ಸ್ವಭಾವದ ಪಾಲೆಷ್ಟು?

ಹಿಂದಿನ ರಾತ್ರಿ ಒಂದೇ ಮೇಜಿನ ಸುತ್ತ ಕೂತು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಕುಡಿದವರು ಮರುದಿನ ಬೆಳಿಗ್ಗೆ ಒಂದೇ ಬಗೆಯಲ್ಲಿ ಏಳುವುದಿಲ್ಲ. ಒಬ್ಬನಿಗೆ ತಲೆ ಸಿಡಿಯುತ್ತದೆ, ಹೊಟ್ಟೆ ತೊಳಸುತ್ತದೆ. ಇನ್ನೊಬ್ಬ ಎದ್ದು, ತಿಂಡಿ ತಿಂದು, ಏನೂ ಆಗದವನಂತೆ ಕೆಲಸಕ್ಕೆ ಹೊರಡುತ್ತಾನೆ. ಮೂರನೆಯವನಿಗೆ ತಲೆನೋವು ಅಷ್ಟೇನೂ ಇಲ್ಲ. ಆದರೆ ಎದೆಯೊಳಗೆ ಕಾರಣವಿಲ್ಲದ ಪುಕಪುಕ, ನಿನ್ನೆ ಯಾರಿಗೆ ಏನಂದೆನೋ ಎಂಬ ಕೊರೆತ, ಫೋನು ಕೈಗೆತ್ತಿಕೊಳ್ಳಲೂ ಹಿಂಜರಿಕೆ. ಮೂವರದ್ದೂ ಹ್ಯಾಂಗೋವರ್‌ ಎಂದೇ ಕರೆಸಿಕೊಳ್ಳುತ್ತದೆ.

ಈ ವ್ಯತ್ಯಾಸಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ವಿವರಣೆ ‘ಅವನ ಬಾಡಿ ಹಾಗೆ’ ಎಂಬುದು. ವೈದ್ಯಲೋಕವೂ ಬಹುಕಾಲ ಹೆಚ್ಚುಕಡಿಮೆ ಇದನ್ನೇ ಹೇಳಿತು. ಅದರ ಪಕ್ಕದಲ್ಲೇ ಇನ್ನೊಂದು ವಾದ ಬೆಳೆಯುತ್ತ ಬಂತು. ಕುಡಿದವರು ಸಂಕೋಚದವರೇ, ಸದಾ ಕಳವಳಪಡುವವರೇ, ಕುಡಿದದ್ದಕ್ಕೆ ತಮ್ಮನ್ನೇ ಹಳಿದುಕೊಳ್ಳುವವರೇ, ಮೈನೋವನ್ನು ಮನಸ್ಸಿನಲ್ಲಿ ಹಿಗ್ಗಿಸಿಕೊಳ್ಳುವವರೇ ಎಂಬುದರ ಮೇಲೂ ಮರುದಿನದ ಕಷ್ಟ ನಿಂತಿದೆ ಎನ್ನುವ ವಾದ ಅದು. ಎರಡೂ ಕಡೆಯ ಅಧ್ಯಯನಗಳನ್ನು ಜೊತೆಗಿಟ್ಟು ಓದಿದಾಗ ನನಗೆ ಕಾಣುವುದು ಇಷ್ಟು: ಹ್ಯಾಂಗೋವರ್‌ ಎಷ್ಟು ಜೋರಾಗಿ ಬರುತ್ತದೆ ಎಂಬುದನ್ನು ಬಹುಪಾಲು ಕುಡಿದ ಪ್ರಮಾಣ ಮತ್ತು ದೇಹವೇ ನಿರ್ಧರಿಸುತ್ತವೆ. ಅದರ ಯಾವ ಭಾಗ ಹೆಚ್ಚು ಕಾಡುತ್ತದೆ, ಆಮೇಲೆ ಆ ಮನುಷ್ಯ ಏನು ಮಾಡುತ್ತಾನೆ ಎಂಬುದರಲ್ಲಿ ಸ್ವಭಾವದ ಪಾತ್ರ ದೊಡ್ಡದು. ಚಟದ ದಾರಿ ಕವಲೊಡೆಯುವುದು ಅಲ್ಲಿಂದಲೇ ಆದ್ದರಿಂದ ಈ ಎರಡನೆಯ ಮಾತಿಗೆ ಹೆಚ್ಚು ತೂಕ ಕೊಡಬೇಕು.

ಹಳೆಯ ಪ್ರಶ್ನೆ

ಕುಡಿತದ ಮರುದಿನವನ್ನು ರೋಗವೆಂದು ಗುರುತಿಸಿದ ಹಳೆಯ ಬರಹಗಳಲ್ಲಿ ನಮ್ಮ ಆಯುರ್ವೇದ ಗ್ರಂಥಗಳೂ ಇವೆ. ಸುಶ್ರುತ ಸಂಹಿತೆಯ ಉತ್ತರತಂತ್ರದ 47ನೇ ಅಧ್ಯಾಯ ಕುಡಿತದಿಂದ ಬರುವ ತೊಂದರೆಗಳನ್ನು ಪಾನಾತ್ಯಯ, ಪರಮದ, ಪಾನಾಜೀರ್ಣ, ಪಾನವಿಭ್ರಮ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಪರಮದದ ಲಕ್ಷಣಗಳಲ್ಲಿ ಮೈಭಾರ, ಬಾಯಿರುಚಿ ಕೆಡುವುದು, ಬಾಯಾರಿಕೆ, ತಲೆನೋವು, ಕೀಲುನೋವು ಇವೆ. ಇಂದಿನ ಯಾವ ಹ್ಯಾಂಗೋವರ್‌ ಪ್ರಶ್ನಾವಳಿಯಲ್ಲೂ ಇವುಗಳಲ್ಲಿ ಕೆಲವಾದರೂ ಸಿಗುತ್ತವೆ. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 24ನೇ ಅಧ್ಯಾಯವಾದ ಮದಾತ್ಯಯ ಚಿಕಿತ್ಸೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಕುಡಿಯುವವರ ಮನೋಧರ್ಮಕ್ಕೇ ಕೈಹಾಕುತ್ತದೆ: ಸಾತ್ವಿಕ, ರಾಜಸ, ತಾಮಸ ಸ್ವಭಾವದವರಲ್ಲಿ ಮದ್ಯ ತೋರುವ ಪರಿಣಾಮ ಬೇರೆ ಬೇರೆ ಎನ್ನುತ್ತದೆ. ಒಂದೇ ಪದಾರ್ಥ ಮನುಷ್ಯರ ಸ್ವಭಾವಕ್ಕೆ ತಕ್ಕಂತೆ ಬೇರೆಯಾಗಿ ವರ್ತಿಸುತ್ತದೆ ಎಂಬ ಆಲೋಚನೆಗೆ ಅಷ್ಟು ವಯಸ್ಸಾಗಿದೆ.

ಆಧುನಿಕ ಕಾಲದಲ್ಲಿ ಈ ಪ್ರಶ್ನೆಯನ್ನು ಮೊದಲು ಗಂಭೀರವಾಗಿ ಎತ್ತಿಕೊಂಡವರು ಮನೋವಿಶ್ಲೇಷಕರು. ವಾಷಿಂಗ್ಟನ್‌ನ ಸೇಂಟ್‌ ಎಲಿಜಬೆತ್ಸ್‌ ಆಸ್ಪತ್ರೆಯಲ್ಲಿದ್ದ ಮನೋವೈದ್ಯ ಬೆಂಜಮಿನ್‌ ಕಾರ್ಪ್‌ಮನ್‌ 1957ರಲ್ಲಿ ಹ್ಯಾಂಗೋವರ್‌ ಬಗ್ಗೆಯೇ ಒಂದು ಪುಸ್ತಕ ಬರೆದರು. ಮರುದಿನದ ಸಂಕಟವನ್ನು ಅವರು ಕುಡುಕರ ಒಳಮನಸ್ಸಿನ ಕಥೆಯಾಗಿ ಓದಿದರು. ಚಿಕಿತ್ಸೆಗೆ ಬಂದ ಕೆಲವೇ ಜನರ ಆತ್ಮಕಥನದಿಂದ ಇಡೀ ಕುಡಿಯುವ ಜನತೆಯ ಬಗ್ಗೆ ತೀರ್ಮಾನಕ್ಕೆ ಬರಲಾಗದು ಎಂಬುದು ಈ ದಾರಿಯ ಮಿತಿ.

ಆ ಮಿತಿಯನ್ನು ದಾಟಿದ್ದು ಮಿಶಿಗನ್‌ ರಾಜ್ಯದ ಟೆಕಮ್ಸೆ ಎಂಬ ಸಣ್ಣ ಊರಿನ ಅಧ್ಯಯನ. ಅರ್ನೆಸ್ಟ್‌ ಹಾರ್ಬರ್ಗ್‌ ಮತ್ತು ಸಂಗಡಿಗರು ಆಸ್ಪತ್ರೆಯ ರೋಗಿಗಳನ್ನು ಬಿಟ್ಟು ಊರಿನ ಸಾಮಾನ್ಯ ಜನರನ್ನೇ ಮಾತಾಡಿಸಿದರು. 1981ರಲ್ಲಿ ಮೊದಲ ಫಲಿತಾಂಶಗಳು, 1993ರಲ್ಲಿ ಅವುಗಳ ಮರುಪರಿಶೀಲನೆ ಪ್ರಕಟವಾದವು. ಕುಡಿತದ ಬಗ್ಗೆ ಅಪರಾಧಿ ಭಾವ ಇರುವವರು, ಕಳವಳದ ಸ್ವಭಾವದವರು, ಕುಡಿದಾಗ ಸಿಟ್ಟಿಗೇಳುವ ಇಲ್ಲವೇ ಮಂಕಾಗುವವರು, ಬದುಕಿನಲ್ಲಿ ಆಘಾತಗಳನ್ನು ಎದುರಿಸುತ್ತಿದ್ದವರು ಹೆಚ್ಚು ಹ್ಯಾಂಗೋವರ್‌ ಲಕ್ಷಣಗಳನ್ನು ಹೇಳಿಕೊಂಡರು. ಎಷ್ಟು ಕುಡಿದರೂ ತಮಗೆ ಮರುದಿನ ಏನೂ ಆಗುವುದಿಲ್ಲ ಎಂದವರೂ ಸುಮಾರು ಶೇ 23ರಷ್ಟಿದ್ದರು. ಆಮೇಲಿನ ವಾದಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಈ ಎರಡು ಫಲಿತಾಂಶಗಳಿಂದ ಹೊರಟವು.

ಅಳತೆಗೋಲು ಯಾವುದು?

ಹ್ಯಾಂಗೋವರ್‌ಗೆ ರಕ್ತಪರೀಕ್ಷೆ ಇಲ್ಲ. ತಲೆನೋವಿನಂತೆ ಅದನ್ನೂ ಅನುಭವಿಸಿದವರ ಮಾತಿನಿಂದಲೇ ಅಳೆಯಬೇಕು. ಆದ್ದರಿಂದ ಪ್ರಶ್ನೆಪತ್ರಿಕೆಯನ್ನು ಯಾರು, ಹೇಗೆ ಬರೆದರು ಎಂಬುದರ ಮೇಲೆ ಉತ್ತರವೂ ಬದಲಾಗುತ್ತದೆ.

2003ರಲ್ಲಿ ಅಮೆರಿಕದ ವೆಂಡಿ ಸ್ಲಟ್‌ಸ್ಕಿ, ಥಾಮಸ್‌ ಪಿಯಾಸೆಕಿ ಮತ್ತು ಸಂಗಡಿಗರು 1,230 ಕಾಲೇಜು ವಿದ್ಯಾರ್ಥಿಗಳ ಉತ್ತರಗಳ ಆಧಾರದ ಮೇಲೆ 13 ಲಕ್ಷಣಗಳ ಪಟ್ಟಿಯೊಂದನ್ನು ರೂಪಿಸಿದರು. ಬಾಯಾರಿಕೆ, ಸುಸ್ತು, ತಲೆನೋವು, ವಾಕರಿಕೆ, ನಡುಕಗಳ ಜೊತೆಗೆ ಆತಂಕ ಮತ್ತು ಖಿನ್ನತೆ ಕೂಡ ಆ ಪಟ್ಟಿಯಲ್ಲಿವೆ. ಅದು ಕೇಳುವುದು ಕಳೆದ 12 ತಿಂಗಳಲ್ಲಿ ಇವು ಎಷ್ಟು ಸಲ ಆದವು ಎಂದು. 2007ರಲ್ಲಿ ಡಮಾರಿಸ್‌ ರೋಸನೌ ತಂಡ ಸಿದ್ಧಪಡಿಸಿದ ಇನ್ನೊಂದು ಪಟ್ಟಿ ಆ ಬೆಳಗಿನ ಸ್ಥಿತಿಯನ್ನೇ ಕೇಳುತ್ತದೆ. ಅದರ 9 ಪ್ರಶ್ನೆಗಳಲ್ಲಿ ಎದೆಬಡಿತ ಇದೆ, ಆತಂಕ ಇಲ್ಲ. ಒಂದು ಪಟ್ಟಿ ವರ್ಷದ ನೆನಪನ್ನೂ ಮನಸ್ಸಿನ ನೋವನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಇನ್ನೊಂದು ಈ ಕ್ಷಣದ ಮೈನೋವನ್ನು ಹಿಡಿಯುತ್ತದೆ. ಮೊದಲನೆಯದನ್ನು ಬಳಸಿದವರಿಗೆ ಸ್ವಭಾವದ ಪಾತ್ರ ದೊಡ್ಡದಾಗಿ ಕಂಡರೆ, ಎರಡನೆಯದನ್ನು ಬಳಸಿದವರಿಗೆ ಚಿಕ್ಕದಾಗಿ ಕಂಡರೆ ಅದರಲ್ಲಿ ಆಶ್ಚರ್ಯವಿಲ್ಲ. ಈ ಕ್ಷೇತ್ರದ ಜಗಳಗಳಲ್ಲಿ ಅರ್ಧದಷ್ಟಕ್ಕೆ ಮೂಲ ಇದೇ ಎಂಬುದು ನನ್ನ ಅಭಿಪ್ರಾಯ.

ಹಾಲೆಂಡಿನ ಯುಟ್ರೆಕ್ಟ್‌ ವಿಶ್ವವಿದ್ಯಾಲಯದ ಯೋರಿಸ್‌ ವರ್ಸ್ಟರ್‌ ಮುಂದಾಳುತನದಲ್ಲಿ ಕಟ್ಟಿಕೊಂಡ ಅಂತರರಾಷ್ಟ್ರೀಯ ಸಂಶೋಧಕರ ಬಳಗವೊಂದು ಇದಕ್ಕೆ ಒಂದು ಶಿಸ್ತು ತಂದಿತು. ಅವರ ವ್ಯಾಖ್ಯೆಯಂತೆ ಹ್ಯಾಂಗೋವರ್‌ ಎಂದರೆ ಒಂದು ಸಲದ ಕುಡಿತದ ನಂತರ, ರಕ್ತದ ಮದ್ಯಾಂಶ ಸೊನ್ನೆಯ ಹತ್ತಿರಕ್ಕೆ ಇಳಿದಾಗ ಶುರುವಾಗುವ ಮಾನಸಿಕ ಮತ್ತು ದೈಹಿಕ ತೊಂದರೆಗಳ ಒಟ್ಟು. ಮಾನಸಿಕ ತೊಂದರೆಗಳನ್ನು ವ್ಯಾಖ್ಯೆಯ ಒಳಗೇ ಸೇರಿಸಿದ್ದು ದೊಡ್ಡ ಹೆಜ್ಜೆ. ಅಲ್ಲಿಯವರೆಗೆ ಮರುದಿನದ ಆತಂಕ ಹ್ಯಾಂಗೋವರ್‌ನ ಭಾಗವೇ, ಅದರ ಪರಿಣಾಮವೇ ಎಂಬುದೇ ಸ್ಪಷ್ಟವಿರಲಿಲ್ಲ.

ದೇಹವೇ ಮೊದಲು ಎನ್ನುವವರು

ಈ ಪಂಥದ ಸಾಕ್ಷ್ಯ ಗಟ್ಟಿಯಾಗಿದೆ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಮದ್ಯ ಯಕೃತ್ತಿನಲ್ಲಿ ಮೊದಲು ಅಸಿಟಾಲ್ಡಿಹೈಡ್‌ ಆಗಿ, ಆಮೇಲೆ ಅಸಿಟೇಟ್‌ ಆಗಿ ಒಡೆಯುತ್ತದೆ. ಪೂರ್ವ ಏಷ್ಯಾದ ಅನೇಕರಲ್ಲಿ ಎರಡನೆಯ ಹಂತದ ಕಿಣ್ವ ದುರ್ಬಲವಾಗಿರುವ ವಂಶವಾಹಿ ಇದೆ. ಅಂಥವರಿಗೆ ಸ್ವಲ್ಪವೇ ಕುಡಿದರೂ ಮುಖ ಕೆಂಪೇರುತ್ತದೆ, ಹ್ಯಾಂಗೋವರ್‌ ಹೆಚ್ಚು ಎಂಬುದನ್ನು ಅಮೆರಿಕದ ಏಷ್ಯನ್‌ ವಿದ್ಯಾರ್ಥಿಗಳಲ್ಲೂ ಜಪಾನಿನ ಕಾರ್ಮಿಕರಲ್ಲೂ ನಡೆದ ಅಧ್ಯಯನಗಳು ತೋರಿಸಿವೆ. ಭಾರತೀಯರಲ್ಲಿ ಈ ವಂಶವಾಹಿ ಅಪರೂಪ. ಮದ್ಯ ಕುಡಿದಾಗ ದೇಹದಲ್ಲಿ ಏಳುವ ಉರಿಯೂತದ ಪ್ರತಿಕ್ರಿಯೆ, ಇಥನಾಲ್‌ ಎಷ್ಟು ಬೇಗ ದೇಹದಿಂದ ಖಾಲಿಯಾಗುತ್ತದೆ ಎಂಬ ವೇಗ, ರಾತ್ರಿಯ ಎರಡನೆಯ ಅರ್ಧದಲ್ಲಿ ಚೂರುಚೂರಾಗುವ ನಿದ್ದೆ, ಇವೆಲ್ಲ ಮರುದಿನದ ಕಷ್ಟಕ್ಕೆ ಸೇರಿಕೊಳ್ಳುತ್ತವೆ. ನೀರಿನ ಕೊರತೆಯೇ ಹ್ಯಾಂಗೋವರ್‌ಗೆ ಕಾರಣ ಎಂಬ ಜನಪ್ರಿಯ ನಂಬಿಕೆಯನ್ನು ಮಾತ್ರ ಸಂಶೋಧಕರು ಈಗ ಒಪ್ಪುವುದಿಲ್ಲ. ಬಾಯಾರಿಕೆ ಹ್ಯಾಂಗೋವರ್‌ ಜೊತೆಗೆ ಬರುತ್ತದೆ. ನೀರು ಕುಡಿದರೆ ಬಾಯಾರಿಕೆ ಹೋಗುತ್ತದೆ, ಉಳಿದದ್ದು ಹಾಗೇ ಇರುತ್ತದೆ.

ಆಸ್ಟ್ರೇಲಿಯಾದ ಅವಳಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎಷ್ಟು ಸಲ ಹ್ಯಾಂಗೋವರ್‌ ಆಗುತ್ತದೆ ಎಂಬುದರಲ್ಲಿನ ವ್ಯತ್ಯಾಸದ ಸುಮಾರು ಶೇ 40ರಿಂದ 45ರಷ್ಟಕ್ಕೆ ವಂಶವಾಹಿ ಕಾರಣ. ಸ್ವಭಾವವೂ ಒಂದಿಷ್ಟು ವಂಶದಿಂದಲೇ ಬರುತ್ತದೆ. ಆದ್ದರಿಂದ ಈ ಸಂಖ್ಯೆಯನ್ನು ‘ದೇಹದ ಪಾಲು’ ಎಂದು ಓದುವುದು ಸರಿಯಲ್ಲ.

ಜರ್ಮನಿಯ ವಿಟನ್‌ ವಿಶ್ವವಿದ್ಯಾಲಯದಲ್ಲಿ 90 ಸ್ವಯಂಸೇವಕರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವೂ ಈ ಪಂಥಕ್ಕೆ ಬಲ ಕೊಡುತ್ತದೆ. ಬಿಯರ್‌ ಮೊದಲೋ ವೈನ್‌ ಮೊದಲೋ ಎಂಬ ಹಳೆಯ ಗಾದೆಯನ್ನು ಪರೀಕ್ಷಿಸಲು ಹೊರಟ ಆ ತಂಡಕ್ಕೆ ಕ್ರಮದಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮರುದಿನದ ತೀವ್ರತೆಯನ್ನು ಮುಂಚಿತವಾಗಿ ಸೂಚಿಸಿದ್ದು ಎರಡೇ: ರಾತ್ರಿ ತನಗೆ ಎಷ್ಟು ಅಮಲೇರಿದೆ ಎಂದು ಆ ವ್ಯಕ್ತಿಗೆ ಅನ್ನಿಸಿತು ಎಂಬುದು, ವಾಂತಿ ಆಯಿತೇ ಇಲ್ಲವೇ ಎಂಬುದು. ಇಲ್ಲಿ ಒಂದು ಸೂಕ್ಷ್ಮವಿದೆ. ಅಮಲೇರಿದ ಅನಿಸಿಕೆ ಎಂಬುದೂ ಮನಸ್ಸು ಕೊಟ್ಟ ವರದಿ. ದೇಹವಾದಿಗಳ ಅತ್ಯುತ್ತಮ ಪ್ರಯೋಗದಲ್ಲೂ ಅಳತೆ ಹಿಡಿದು ನಿಂತದ್ದು ಮನಸ್ಸೇ.

ಅಪರಾಧಿ ಭಾವದ ವಾದ

ಹಾರ್ಬರ್ಗ್‌ ತಂಡದ ಫಲಿತಾಂಶವನ್ನು ಎರಡು ರೀತಿಯಲ್ಲಿ ಓದಬಹುದು. ಕುಡಿಯುವುದು ತಪ್ಪು ಎಂದು ನಂಬಿಯೂ ಕುಡಿಯುವವರು ಮರುದಿನದ ಪ್ರತಿ ನೋವನ್ನೂ ಶಿಕ್ಷೆಯಾಗಿ ಅನುಭವಿಸುತ್ತಾರೆ, ಆದ್ದರಿಂದ ಅದು ಹೆಚ್ಚಾಗಿ ಕಾಡುತ್ತದೆ ಎಂಬುದು ಒಂದು ಓದು. ಇನ್ನೊಂದು ಓದು ಇದರ ತಿರುವುಮುರುವು: ಯಾರಿಗೆ ಹ್ಯಾಂಗೋವರ್‌ ಜೋರಾಗಿ ಬರುತ್ತದೋ ಅವರಿಗೆ ಅದರಿಂದಲೇ ಕೆಲಸ ಕೆಡುತ್ತದೆ, ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ, ಹಾಗಾಗಿ ಅಪರಾಧಿ ಭಾವ ಬೆಳೆಯುತ್ತದೆ. ಒಂದೇ ಸಲ ನಡೆಸಿದ ಸಮೀಕ್ಷೆಯಿಂದ ಯಾವುದು ಮೊದಲು, ಯಾವುದು ನಂತರ ಎಂದು ಹೇಳಲಾಗದು.

ಇದರ ಜೊತೆಗೇ ಬರುವ ಕಳವಳದ ಸ್ವಭಾವವನ್ನು ಮನಶ್ಶಾಸ್ತ್ರ ನ್ಯೂರಾಟಿಸಿಸಂ ಎನ್ನುತ್ತದೆ. ಬೇಗ ಬೇಸರಗೊಳ್ಳುವ, ಚಿಂತಿಸುವ, ಒತ್ತಡಕ್ಕೆ ಜಗ್ಗುವ ಈ ಗುಣ ಎಲ್ಲರಲ್ಲೂ ಹೆಚ್ಚುಕಡಿಮೆ ಇದ್ದೇ ಇದೆ. ಈ ಗುಣದ ಬಗ್ಗೆ ಹ್ಯಾಂಗೋವರ್‌ ಕ್ಷೇತ್ರದ ಹೊರಗೆ ನಡೆದ ಒಂದು ಚರ್ಚೆ ಇಲ್ಲಿ ತುಂಬ ಮುಖ್ಯ. ಪಾಲ್‌ ಕೋಸ್ಟಾ ಮತ್ತು ರಾಬರ್ಟ್‌ ಮೆಕ್ರೇ 1987ರಲ್ಲಿ, ಡೇವಿಡ್‌ ವಾಟ್ಸನ್‌ ಮತ್ತು ಜೇಮ್ಸ್‌ ಪೆನ್ನೆಬೇಕರ್‌ 1989ರಲ್ಲಿ ತೋರಿಸಿಕೊಟ್ಟದ್ದು ಇದು: ಕಳವಳದ ಸ್ವಭಾವದವರು ಎಲ್ಲ ಬಗೆಯ ಮೈನೋವನ್ನೂ ಹೆಚ್ಚಾಗಿ ಹೇಳಿಕೊಳ್ಳುತ್ತಾರೆ, ಆದರೆ ವೈದ್ಯಕೀಯ ತಪಾಸಣೆಯಲ್ಲಿ ಅಷ್ಟರಮಟ್ಟಿಗೆ ರೋಗ ಕಾಣುವುದಿಲ್ಲ. ಎಂದರೆ ಹ್ಯಾಂಗೋವರ್‌ ಪ್ರಶ್ನಾವಳಿಯಲ್ಲಿ ಅವರಿಗೆ ಹೆಚ್ಚು ಅಂಕ ಬಂದರೆ ಅದು ಹ್ಯಾಂಗೋವರ್‌ನ ಬಗ್ಗೆ ಹೇಳುತ್ತಿದೆಯೋ, ಲಕ್ಷಣ ಹೇಳಿಕೊಳ್ಳುವ ಅವರ ಪರಿಯ ಬಗ್ಗೆಯೋ?

ಅವರು ಸುಳ್ಳು ಹೇಳುತ್ತಾರೆ ಎಂದು ಇದರ ಅರ್ಥವಲ್ಲ. ಮೈಯ ಸಣ್ಣ ಸೂಚನೆಗಳಿಗೂ ಕಿವಿಗೊಡುವ ಮನಸ್ಸು ಅವುಗಳನ್ನು ನಿಜವಾಗಿಯೇ ಹೆಚ್ಚು ಅನುಭವಿಸುತ್ತದೆ. ನೋವು ಹೇಳಿಕೊಳ್ಳುವವರನ್ನು ‘ನಾಟಕ’ ಎಂದು ತಳ್ಳಿಹಾಕುವ ಅಭ್ಯಾಸ ನಮ್ಮ ಮನೆಗಳಲ್ಲೂ ಆಸ್ಪತ್ರೆಗಳಲ್ಲೂ ಇದೆ. ಈ ಸಂಶೋಧನೆಗಳು ಅದಕ್ಕೆ ಯಾವ ಸಮರ್ಥನೆಯನ್ನೂ ಕೊಡುವುದಿಲ್ಲ.

ಸಂಕೋಚದವರ ಮರುದಿನ

ಈ ಇಡೀ ಚರ್ಚೆಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ನಾಚಿಕೆ, ಸಂಕೋಚದ ಸ್ವಭಾವದವರ ಮೇಲೆ ನಡೆದ ಕೆಲಸ. ಇಂಗ್ಲೆಂಡಿನ ಯುನಿವರ್ಸಿಟಿ ಕಾಲೇಜ್‌ ಲಂಡನ್‌ ಮತ್ತು ಎಕ್ಸೆಟರ್‌ ವಿಶ್ವವಿದ್ಯಾಲಯದ ಬೆತ್‌ ಮಾರ್ಶ್‌, ಸೀಲಿಯಾ ಮಾರ್ಗನ್‌ ಮತ್ತು ಸಂಗಡಿಗರು 97 ಸ್ವಯಂಸೇವಕರನ್ನು ಆರಿಸಿಕೊಂಡರು. ಕೆಲವರಿಗೆ ಎಂದಿನಂತೆ ಗೆಳೆಯರ ಕೂಟದಲ್ಲಿ ಕುಡಿಯಲು, ಉಳಿದವರಿಗೆ ಕುಡಿಯದೇ ಇರಲು ಹೇಳಿದರು. ಕುಡಿಯುವ ಮೊದಲು, ಕುಡಿಯುವಾಗ, ಮರುದಿನ ಎಂದು ಮೂರು ಹಂತದಲ್ಲಿ ಆತಂಕವನ್ನು ಅಳೆದರು. ಫಲಿತಾಂಶ 2019ರಲ್ಲಿ ಬಂತು. ತುಂಬ ಸಂಕೋಚದವರಲ್ಲಿ ಕುಡಿಯುತ್ತಿದ್ದಾಗ ಆತಂಕ ಸ್ವಲ್ಪ ತಗ್ಗಿತು. ಮರುದಿನ ಅದು ಎದ್ದು ನಿಂತಿತು. ಆ ಬೆಳಗಿನ ಆತಂಕ ಹೆಚ್ಚಿದ್ದ ಸಂಕೋಚದವರಲ್ಲಿ, ಕುಡಿತ ಸಮಸ್ಯೆಯಾಗುತ್ತಿದೆಯೇ ಎಂದು ಗುರುತಿಸುವ ಪ್ರಶ್ನಾವಳಿಯ ಅಂಕವೂ ಹೆಚ್ಚಿತ್ತು. ಇಂಗ್ಲಿಷ್‌ ಪತ್ರಿಕೆಗಳು ಇದನ್ನು ‘ಹ್ಯಾಂಗ್ಸೈಟಿ’ ಎಂದು ಕರೆದು ಜನಪ್ರಿಯಗೊಳಿಸಿದವು.

ಹಾಗಾಗುವುದು ಯಾಕೆ? ಮದ್ಯ ಮೆದುಳಿನಲ್ಲಿ ಗಾಬಾ ಎಂಬ ಶಾಂತಗೊಳಿಸುವ ರಾಸಾಯನಿಕದ ಕೆಲಸವನ್ನು ಹೆಚ್ಚಿಸುತ್ತದೆ, ಗ್ಲುಟಮೇಟ್‌ ಎಂಬ ಕೆರಳಿಸುವ ರಾಸಾಯನಿಕವನ್ನು ತಡೆಯುತ್ತದೆ. ಮೆದುಳು ಸಮತೋಲಕ್ಕಾಗಿ ಎದುರು ದಿಕ್ಕಿಗೆ ಒತ್ತುತ್ತದೆ. ಮದ್ಯ ಇಳಿದ ಮೇಲೂ ಆ ಒತ್ತು ಸ್ವಲ್ಪ ಹೊತ್ತು ಉಳಿಯುತ್ತದೆ. ಹಾಗಾಗಿ ಎದೆಬಡಿತ, ಬೆಚ್ಚಿಬೀಳುವಿಕೆ, ಕಾರಣವಿಲ್ಲದ ಭಯ. ಬ್ಯೂನಸ್‌ ಐರಿಸ್‌ನ ಸಂಶೋಧಕರು ಇಲಿಗಳಲ್ಲಿಯೂ ಇದನ್ನು ಕಂಡರು: ರಕ್ತದಲ್ಲಿ ಮದ್ಯ ಇಳಿದ ಮೇಲೂ ಹಲವು ಗಂಟೆಗಳ ಕಾಲ ಅವು ಆತಂಕದ ನಡವಳಿಕೆ ತೋರಿದವು. ಇಲಿಗೆ ನಿನ್ನೆಯ ಮಾತಿನ ನಾಚಿಕೆ ಇಲ್ಲ. ಆದ್ದರಿಂದ ಬೆಳಗಿನ ಭಯ ಬರೀ ‘ಮನಸ್ಸಿನ ಕಲ್ಪನೆ’ ಎನ್ನುವವರು ತಪ್ಪು. ಅದಕ್ಕೆ ದೇಹದಲ್ಲಿ ಬೇರಿದೆ.

ಮನುಷ್ಯರಲ್ಲಿ ಆ ದೈಹಿಕ ಭಯಕ್ಕೆ ಮನಸ್ಸು ತಕ್ಷಣ ಒಂದು ಕಾರಣ ಹುಡುಕುತ್ತದೆ. ಸಂಕೋಚದವರಿಗೆ ಕಾರಣ ಸಿದ್ಧವಾಗಿಯೇ ಇರುತ್ತದೆ: ಜನರ ಮುಂದೆ ತಾನು ಹೇಗೆ ಕಂಡೆ ಎಂಬುದು. ಅದೂ ಅಲ್ಲದೆ ಹಿಂದಿನ ರಾತ್ರಿಯ ನೆನಪು ಅರೆಬರೆ. ಉಳಿದ ಖಾಲಿ ಜಾಗವನ್ನು ಆತಂಕದ ಮನಸ್ಸು ಕೆಟ್ಟದ್ದರಿಂದಲೇ ತುಂಬುತ್ತದೆ. ದೇಹದ ಭಯವೂ ಮನಸ್ಸಿನ ಕಥೆಯೂ ಹೀಗೆ ಒಂದನ್ನೊಂದು ಬೆಳೆಸುತ್ತವೆ. ಇದು ಸ್ವಭಾವವನ್ನು ದೇಹದಿಂದ ಬೇರ್ಪಡಿಸದೆ ಎರಡನ್ನೂ ಕೂಡಿಸಿ ನೋಡುವ ವಿವರಣೆ. ನನಗೆ ಹೆಚ್ಚು ಒಪ್ಪಿಗೆಯಾಗುವುದೂ ಇದೇ.

ಲಿನ್‌ ಕೂಪರ್‌ 1994ರಲ್ಲಿ ಕುಡಿಯುವ ಉದ್ದೇಶಗಳನ್ನು ನಾಲ್ಕಾಗಿ ವಿಂಗಡಿಸಿದ್ದರು: ಖುಷಿಗಾಗಿ, ಜೊತೆಗಾರರ ಸಂಗಕ್ಕಾಗಿ, ಗುಂಪಿನಿಂದ ಹೊರಗುಳಿಯಬಾರದೆಂದು, ನೋವನ್ನು ಮರೆಯಲು. ಸಂಕೋಚದವರು ಬಾಯಿ ಬಿಡಲು ಧೈರ್ಯ ಬೇಕೆಂದು ಒಂದು ಪೆಗ್‌ ಹಾಕುತ್ತಾರೆ. ಮರುದಿನದ ಭಯ ಮುಂದಿನ ಕೂಟವನ್ನು ಇನ್ನಷ್ಟು ಕಷ್ಟವಾಗಿಸುತ್ತದೆ. ಆಗ ಇನ್ನೊಂದು ಪೆಗ್‌ ಬೇಕಾಗುತ್ತದೆ. ಕುಡಿದು ಗಲಾಟೆ ಮಾಡುವವರು ಎಲ್ಲರ ಕಣ್ಣಿಗೂ ಬೀಳುತ್ತಾರೆ. ಮೂಲೆಯಲ್ಲಿ ಕೂತು ಧೈರ್ಯಕ್ಕಾಗಿ ಕುಡಿಯುವವರು ಯಾರಿಗೂ ಕಾಣುವುದಿಲ್ಲ. ಅವರ ಬಗ್ಗೆ ವೈದ್ಯರೂ ಮನೆಯವರೂ ಇನ್ನೂ ಹೆಚ್ಚು ಗಮನ ಕೊಡಬೇಕು.

ನೋವನ್ನು ನೋಡುವ ಬಗೆ

2020ರಲ್ಲಿ ಇಂಗ್ಲೆಂಡಿನ ಸಾಲ್ಫರ್ಡ್‌ ವಿಶ್ವವಿದ್ಯಾಲಯದ ಸ್ಯಾಮ್‌ ರಾಯ್ಲ್‌ ಮತ್ತು ಸಂಗಡಿಗರು ಇನ್ನೊಂದು ಗುಣವನ್ನು ಮುಂದಿಟ್ಟರು: ನೋವು ಬಂದಾಗ ಅದನ್ನೇ ಯೋಚಿಸುತ್ತ, ಹೋಗುವುದೇ ಇಲ್ಲವೇನೋ ಎಂದು ಅಂಜುತ್ತ, ತನ್ನ ಕೈಲಾಗದು ಎಂದುಕೊಳ್ಳುವ ಗುಣ. ಬೆನ್ನುನೋವು, ಶಸ್ತ್ರಚಿಕಿತ್ಸೆಯ ನಂತರದ ನೋವುಗಳ ಬಗ್ಗೆ ವೈದ್ಯರಿಗೆ ಇದು ಪರಿಚಿತ ವಿಷಯ. 86 ಮಂದಿಯ ಆ ಅಧ್ಯಯನದಲ್ಲಿ, ರಕ್ತದಲ್ಲಿ ಮದ್ಯದ ಅಂದಾಜು ಪ್ರಮಾಣವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಈ ಗುಣ ಹೆಚ್ಚಿದ್ದವರಿಗೆ ಹ್ಯಾಂಗೋವರ್‌ ಹೆಚ್ಚಿತ್ತು.

ಮಾದರಿ ಚಿಕ್ಕದು, ಆದರೆ ಇದರ ಬೆಲೆ ಬೇರೆ ಕಡೆ ಇದೆ. ಸಂಕೋಚವನ್ನೋ ಕಳವಳದ ಸ್ವಭಾವವನ್ನೋ ಬದಲಿಸುವುದು ಕಷ್ಟ. ನೋವನ್ನು ನೋಡುವ ಬಗೆಯನ್ನು ಮಾತಿನ ಚಿಕಿತ್ಸೆಯಿಂದ ಬದಲಿಸಬಹುದು ಎಂಬುದು ಬೇರೆ ನೋವುಗಳ ವಿಷಯದಲ್ಲಿ ಈಗಾಗಲೇ ಗೊತ್ತಿದೆ. ಹ್ಯಾಂಗೋವರ್‌ ಹಗುರಾದರೆ ಜನ ಇನ್ನಷ್ಟು ಕುಡಿಯುತ್ತಾರೆಯೇ ಎಂಬ ಎದುರುಪ್ರಶ್ನೆ ಆಗ ಹುಟ್ಟುತ್ತದೆ. ಅದು ನಮ್ಮನ್ನು ಕೊನೆಯ ಪಂಥಕ್ಕೆ ತರುತ್ತದೆ.

ವಂಶ, ಸ್ವಭಾವ, ಚಟ

ಬೆಳಗಿನ ಕಷ್ಟವೇ ಕುಡಿತಕ್ಕೆ ಕಡಿವಾಣ ಹಾಕುತ್ತದೆ ಎಂಬುದು ಲೋಕರೂಢಿಯ ನಂಬಿಕೆ. ಇದಕ್ಕೆ ವಿರುದ್ಧವಾದ ಅನುಭವವೂ ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತು: ಬೆಳಿಗ್ಗೆ ಕೈ ನಡುಗಿದಾಗ ‘ಒಂದು ನೈಂಟಿ ಹಾಕಿದರೆ ಸರಿಹೋಗುತ್ತೆ’ ಎಂದು ಬಾರಿನ ಬಾಗಿಲು ತೆರೆಯುವುದನ್ನೇ ಕಾಯುವವರು. ಸಂಶೋಧಕರು ಮೊದಲನೆಯದನ್ನು ಶಿಕ್ಷೆಯ ಮಾದರಿ ಎಂದೂ ಎರಡನೆಯದನ್ನು ಉಪಶಮನದ ಮಾದರಿ ಎಂದೂ ನೋಡುತ್ತಾರೆ.

ಡೇವಿಡ್‌ ನ್ಯೂಲಿನ್‌ ಮತ್ತು ಸಂಗಡಿಗರು 1990ರಲ್ಲಿ ಮದ್ಯವ್ಯಸನಿಗಳ ಗಂಡುಮಕ್ಕಳಿಗೆ ಬೇರೆಯವರಿಗಿಂತ ಹೆಚ್ಚು ಹ್ಯಾಂಗೋವರ್‌ ಎಂದು ವರದಿ ಮಾಡಿದರು. ಮಿಚೆಲ್‌ ಅರ್ಲಿವೈನ್‌ 1993ರಲ್ಲಿ ಚಟದ ಅಪಾಯ ಸೂಚಿಸುವ ಸ್ವಭಾವದವರಲ್ಲೂ ಇದನ್ನೇ ಕಂಡರು. ಶಿಕ್ಷೆಯ ಮಾದರಿ ಸರಿಯಿದ್ದರೆ ಇದು ತಲೆಕೆಳಗು: ಹೆಚ್ಚು ಕಷ್ಟಪಡುವವರು ಕಡಿಮೆ ಕುಡಿಯಬೇಕಿತ್ತು. ಪಿಯಾಸೆಕಿ ತಂಡ ಕಾಲೇಜಿಗೆ ಸೇರಿದ ಯುವಜನರನ್ನು ಹನ್ನೊಂದು ವರ್ಷ ಹಿಂಬಾಲಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪದೇ ಪದೇ ಹ್ಯಾಂಗೋವರ್‌ ಆಗುವುದಕ್ಕೂ ಮುಂದೆ ಕುಡಿತದ ಸಮಸ್ಯೆ ಕಾಣಿಸಿಕೊಳ್ಳುವುದಕ್ಕೂ ಸಂಬಂಧ ಕಂಡಿತು. 386 ಮಂದಿ 21 ದಿನ ವಿದ್ಯುನ್ಮಾನ ದಿನಚರಿ ಬರೆದ 2014ರ ಅಧ್ಯಯನದಲ್ಲಿ ಹ್ಯಾಂಗೋವರ್‌ ಮುಂದಿನ ಕುಡಿತವನ್ನು ತಡಮಾಡಿದ್ದು ತೀರ ಸ್ವಲ್ಪ. ಕಡಿವಾಣ ಎಂಬುದು ಬಹಳ ಸಡಿಲವಾದದ್ದು.

ಆದರೆ ವಂಶದ ಮಾತನ್ನು 2017ರಲ್ಲಿ ಇಂಗ್ಲೆಂಡಿನ ಕೀಲ್‌ ವಿಶ್ವವಿದ್ಯಾಲಯದ ರಿಚರ್ಡ್‌ ಸ್ಟೀಫನ್ಸ್‌ ಮತ್ತು ಸಂಗಡಿಗರು ಮತ್ತೆ ಪರೀಕ್ಷೆಗೆ ಒಡ್ಡಿದರು. ಕಳೆದ ವರ್ಷ ಎಷ್ಟು ಸಲ ಹ್ಯಾಂಗೋವರ್‌ ಆಯಿತು ಎಂದು ಕೇಳಿದಾಗ ಕುಟುಂಬದಲ್ಲಿ ಕುಡಿತದ ಸಮಸ್ಯೆ ಇದ್ದವರು ಹೆಚ್ಚು ಎಂದರು. ಕುಡಿದ ಮರುದಿನ ಬೆಳಿಗ್ಗೆಯೇ ಹೋಗಿ ಅಳೆದಾಗ ಕುಟುಂಬದ ಹಿನ್ನೆಲೆಯಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ. ರಾತ್ರಿ ರಕ್ತದಲ್ಲಿದ್ದ ಮದ್ಯದ ಅಂದಾಜು ಪ್ರಮಾಣವೇ ತೀವ್ರತೆಯನ್ನು ಹೇಳಿತು. ಹೀಗೆ ಬೆಳಿಗ್ಗೆ ಅಳತೆಗೆ ಒಳಗಾದವರು ಐವತ್ತಕ್ಕಿಂತ ಕಡಿಮೆ ಎಂಬುದನ್ನು ಮರೆಯಬಾರದು. ಆದರೂ ಈ ಕ್ಷೇತ್ರದಲ್ಲಿ ನಾನು ಓದಿದ ಅತ್ಯಂತ ಎಚ್ಚರಿಕೆಯ ಪ್ರಯೋಗ ಇದು. ನೆನಪಿನ ವರದಿಯಲ್ಲಿ ದೊಡ್ಡದಾಗಿ ಕಾಣುವ ಸಂಗತಿ ಆ ಬೆಳಗಿನ ಅಳತೆಯಲ್ಲಿ ಮಾಯವಾಗಬಹುದು ಎಂದು ಅದು ತೋರಿಸಿತು. ಸ್ವಭಾವದ ಬಗೆಗಿನ ಹಳೆಯ ಫಲಿತಾಂಶಗಳಲ್ಲಿ ಬಹಳಷ್ಟು ನೆನಪಿನ ವರದಿಗಳೇ ಆಗಿವೆ.

ಈ ಪ್ರಶ್ನೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದ ಕೆಲಸದ ಸಂಬಂಧವೂ ಇದೆ. ವಿವೇಕ್‌ ಬೆನೆಗಲ್‌ ಮತ್ತು ಸಂಗಡಿಗರು 1995ರಲ್ಲಿ ಮದ್ಯವ್ಯಸನಿಗಳ ಹತ್ತಿರದ ಗಂಡು ಸಂಬಂಧಿಕರ ಮೆದುಳಿನ ವಿದ್ಯುತ್‌ ಅಲೆಗಳನ್ನು ಅಳೆದರು. ಕುಟುಂಬದ ಕಡೆಯಿಂದ ಅಪಾಯ ಹೆಚ್ಚಿದಂತೆ ಪಿ300 ಎಂಬ ಅಲೆ ತಗ್ಗುವುದು ಕಂಡುಬಂತು. ಆಮೇಲಿನ ಅಧ್ಯಯನಗಳಲ್ಲಿ ಇನ್ನೂ ಕುಡಿತಕ್ಕೆ ಬೀಳದ ಯುವಕರಲ್ಲೇ ಮೆದುಳಿನ ರಚನೆಯ ವ್ಯತ್ಯಾಸಕ್ಕೂ ಚಡಪಡಿಕೆ, ಆವೇಗದ ಸ್ವಭಾವಕ್ಕೂ ನಂಟು ಕಂಡಿತು. ಅವರು ಹ್ಯಾಂಗೋವರ್‌ ಅಳೆಯಲಿಲ್ಲ. ಆದರೆ ಚಟದ ಬೀಜ ಮೊದಲ ಗುಟುಕಿಗಿಂತ ಮುಂಚೆಯೇ ಸ್ವಭಾವದಲ್ಲಿ ಇರಬಹುದು ಎಂಬುದಕ್ಕೆ ನಮ್ಮದೇ ನೆಲದ ಸಾಕ್ಷ್ಯ ಅದು.

ಇನ್ನೂ ತೀರ್ಮಾನವಾಗದ್ದು

ಮೊದಲನೆಯದಾಗಿ, ಎಂದೂ ಹ್ಯಾಂಗೋವರ್‌ ಆಗದವರು ಯಾರು ಎಂಬುದು. ಅವರು ನಿಜವಾಗಿಯೂ ಬೇರೆ ದೇಹದವರೋ, ತಮ್ಮ ಮಿತಿಯೊಳಗೇ ಕುಡಿಯುವವರೋ, ಅಥವಾ ಲಕ್ಷಣಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಮನಸ್ಸಿನವರೋ? ಪ್ರಮಾಣ ತುಂಬ ಹೆಚ್ಚಾದಾಗ ‘ಏನೂ ಆಗಿಲ್ಲ’ ಎನ್ನುವವರ ಸಂಖ್ಯೆ ಕಡಿಮೆಯಾಗುತ್ತದೆ ಎಂಬುದು ಕಂಡಿದೆ. ಅದರಿಂದ ಎರಡನೆಯ ಉತ್ತರಕ್ಕೆ ಸ್ವಲ್ಪ ಬಲ ಬಂದಿದೆ, ಅಷ್ಟೇ.

ವಯಸ್ಸಿನ ಒಗಟು ಇನ್ನೊಂದು. 50 ಸಾವಿರಕ್ಕೂ ಹೆಚ್ಚು ಡೆನ್ಮಾರ್ಕ್‌ ನಿವಾಸಿಗಳ ಸಮೀಕ್ಷೆಯಲ್ಲಿ ಹ್ಯಾಂಗೋವರ್‌ ವಯಸ್ಸಾದಂತೆ ಹೆಚ್ಚುವ ಬದಲು ಕಡಿಮೆಯಾಗುತ್ತ ಹೋಯಿತು. ವಯಸ್ಸಾದಂತೆ ಕಳವಳದ ಸ್ವಭಾವವೂ ಸರಾಸರಿಯಲ್ಲಿ ತಗ್ಗುತ್ತದೆ. ಎರಡಕ್ಕೂ ಸಂಬಂಧವಿದೆಯೇ? ಅಥವಾ ಹೆಚ್ಚು ಕಷ್ಟಪಟ್ಟವರು ನಡುವಯಸ್ಸಿಗೆ ಬರುವ ಹೊತ್ತಿಗೆ ಕುಡಿತ ಬಿಟ್ಟು ಪಟ್ಟಿಯಿಂದ ಹೊರಬಿದ್ದಿರುತ್ತಾರೆಯೇ?

ಸಂಕೋಚ, ಕಳವಳ, ಅಪರಾಧಿ ಭಾವ, ನೋವನ್ನು ಹಿಗ್ಗಿಸುವ ಗುಣಗಳು ಒಂದರೊಡನೊಂದು ಹೆಣೆದುಕೊಂಡಿವೆ. ನಾಲ್ಕು ಗುಂಪುಗಳು ನಾಲ್ಕು ಹೆಸರು ಕೊಟ್ಟು ಅಳೆದದ್ದು ಒಂದೇ ಗುಣವನ್ನೇ ಇರಬಹುದು. ಎಲ್ಲವನ್ನೂ ಒಂದೇ ಜನರಲ್ಲಿ, ಆ ಬೆಳಗಿನಲ್ಲೇ, ರಕ್ತದ ಮದ್ಯಾಂಶದ ಜೊತೆಗೆ, ಹಲವು ಸಲ ಅಳೆಯುವ ದೊಡ್ಡ ಅಧ್ಯಯನ ಮಾತ್ರ ಇದನ್ನು ಬಿಡಿಸಬಲ್ಲದು.

ಕೊನೆಯದು ನಮಗೆ ಹತ್ತಿರದ ಪ್ರಶ್ನೆ. ಇಲ್ಲಿ ಹೇಳಿದ ಅಧ್ಯಯನಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪ್‌, ಆಸ್ಟ್ರೇಲಿಯಾದವು. ಅನೇಕವು ವಿದ್ಯಾರ್ಥಿಗಳ ಮೇಲೆ, ಕುಡಿಯುವುದು ಸಹಜವೆಂದು ಒಪ್ಪಿದ ಸಮಾಜಗಳಲ್ಲಿ ನಡೆದವು. ಕೇಂದ್ರ ಸರ್ಕಾರಕ್ಕಾಗಿ ಏಮ್ಸ್‌ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಕುಡಿಯುವವರು ಶೇ 14.6, ಅಂದರೆ ಸುಮಾರು 16 ಕೋಟಿ. ಗಂಡಸರಲ್ಲಿ ಶೇ 27.3, ಹೆಂಗಸರಲ್ಲಿ ಶೇ 1.6. ದೇಶಿ ಸಾರಾಯಿ ಮತ್ತು ವಿಸ್ಕಿ, ರಮ್‌ಗಳಂಥ ಗಟ್ಟಿ ಮದ್ಯಗಳ ಪಾಲು ದೊಡ್ಡದು. ಸುತ್ತಲಿನ ಹೆಚ್ಚಿನವರು ಕುಡಿಯದ, ಕುಡಿತವನ್ನು ತಪ್ಪೆಂದು ಎಣಿಸುವ ಮನೆಗಳಲ್ಲಿ ಕದ್ದುಮುಚ್ಚಿ ಕುಡಿಯುವವರ ಮರುದಿನ ಹೇಗಿರುತ್ತದೆ? ಕುಡಿಯುವ ಹೆಣ್ಣುಮಕ್ಕಳ ಮೇಲಿನ ನಿಂದೆಯ ಭಾರ ಅವರ ಬೆಳಗಿನ ಆತಂಕಕ್ಕೆ ಎಷ್ಟು ಸೇರಿಸುತ್ತದೆ? ಟೆಕಮ್ಸೆಯಲ್ಲಿ ಹುಟ್ಟಿದ ಅಪರಾಧಿ ಭಾವದ ವಾದಕ್ಕೆ ನಿಜವಾದ ಪರೀಕ್ಷೆ ಇಂಥ ಸಮಾಜದಲ್ಲೇ ನಡೆಯಬೇಕು. ಅದಕ್ಕೆ ಬೇಕಾದ ಪರಿಣತಿ ಬೆಂಗಳೂರಿನಲ್ಲಿ, ಧಾರವಾಡದಲ್ಲಿ, ಮೈಸೂರಿನಲ್ಲಿ ಇದೆ.

ಅಲ್ಲಿಯವರೆಗೆ ಓದುಗರಿಗೆ ಹೇಳಬಹುದಾದ ಮಾತು ಒಂದಿದೆ. ಕುಡಿದ ಮರುದಿನ ತಲೆನೋವಿಗಿಂತ ಭಯವೇ ಹೆಚ್ಚು ಕಾಡುತ್ತಿದ್ದರೆ, ಆ ಭಯ ತಗ್ಗಲು ಮತ್ತೆ ಕುಡಿಯಬೇಕು ಅನ್ನಿಸುತ್ತಿದ್ದರೆ, ಅದನ್ನು ನಾಚಿಕೆಯಿಂದ ಮುಚ್ಚಿಡದೆ ವೈದ್ಯರ ಹತ್ತಿರ ಹೇಳಿ. ಸರ್ಕಾರದ ಟೆಲಿ ಮಾನಸ್‌ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ, ಹಣ ಕೊಡದೆ, ಹಗಲು ರಾತ್ರಿ ಮಾತಾಡಬಹುದು. ಬಹುಕಾಲ ದಿನವೂ ಕುಡಿದವರು ನಿಲ್ಲಿಸಿದಾಗ ಕೈಕಾಲು ನಡುಗಿದರೆ, ಇಲ್ಲದ್ದು ಕಂಡರೆ, ಫಿಟ್ಸ್‌ ಬಂದರೆ ಅದು ಹ್ಯಾಂಗೋವರ್‌ ಅಲ್ಲ. ಅವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.